ಹಡಗು ಇಳಿದು ಕಾಡಿಗೆ ಹೋದ ಅಪ್ಪ: ಜೂನೋದಲ್ಲಿ ಅರ್ಧಕ್ಕೆ ನಿಂತ ಒಂದು ಹೈಕಿನ ಪ್ರಕರಣ ಅಧ್ಯಯನ

ಬೇಸಿಗೆ ಬಂತು ಅಂದ್ರೆ ಸಿಯಾಟಲ್ ಸುತ್ತಮುತ್ತ ಇರೋ ನಮ್ಮ ಕನ್ನಡದವರ ಮನೆಗಳಲ್ಲಿ ಊರಿಂದ ಅಪ್ಪ ಅಮ್ಮ ಬಂದಿರ್ತಾರೆ. ಬಂದವರನ್ನ ಎಲ್ಲಿಗೆ ಕರ್ಕೊಂಡ್ ಹೋಗೋದು ಅಂತ ಮಾತು ಬಂದಾಗ ಮೊದಲು ಬರೋ ಹೆಸರು ಅಲಾಸ್ಕಾ ಕ್ರೂಸ್. ಏಳು ದಿನ ಹಡಗು, ಅಡುಗೆ ಮಾಡೋ ಹಾಗಿಲ್ಲ, ಪ್ಯಾಕ್ ಅನ್‌ಪ್ಯಾಕ್ ಗೋಳಿಲ್ಲ, ವಯಸ್ಸಾದವರಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಎಲ್ರೂ ಹೇಳ್ತಾರೆ, ಅದು ನಿಜಾನೂ ಹೌದು. ಆದ್ರೆ ಹಡಗು ಒಂದು ಊರಿಗೆ ಬಂದು ನಿಂತಾಗ ಮಾಡೋ ಟೂರ್‌ಗಳಿವೆಯಲ್ಲ, ಅದ್ರಲ್ಲೂ ಕಾಡಲ್ಲಿ ಗೈಡ್ ಜೊತೆ ನಡೆಯೋ ಹೈಕ್, ಅಲ್ಲಿ ಲೆಕ್ಕ ಬೇರೆ. ಅಂಥದ್ದೊಂದು ಹೈಕಲ್ಲಿ ನನಗೆ ಗೊತ್ತಿರೋ ಒಂದು ಕುಟುಂಬಕ್ಕೆ ಏನಾಯ್ತು ಅಂತ ಇಲ್ಲಿ ವಿವರವಾಗಿ ಬರೀತಿದೀನಿ. ಅಪ್ಪ, ಮಗ, ಸೊಸೆ ಮೂವರ ಹತ್ರಾನೂ ಬೇರೆ ಬೇರೆಯಾಗಿ ಮಾತಾಡಿದೀನಿ, ಆ ಗೈಡ್ ಹುಡುಗಿ ಜೊತೆ ಕೂಡ ಫೋನಲ್ಲಿ ಒಂದು ಗಂಟೆ ಮಾತಾಡಿದೆ. ಎಲ್ಲರೂ ಒಪ್ಪಿದ ಮೇಲೇನೇ ಬರೀತಿರೋದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದೀನಿ, ಹಡಗಿನ ಹೆಸರಾಗಲಿ ಟೂರ್ ಕಂಪನಿ ಹೆಸರಾಗಲಿ ಕೊಡಲ್ಲ.

ಹಿನ್ನೆಲೆ

ಅಪ್ಪ ಅರವತ್ತೆಂಟರ ಆಸುಪಾಸು, ಮಲೆನಾಡಿನ ಕಡೆಯವರು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಇಲ್ಲಿ ಅವರನ್ನ ಮೇಷ್ಟ್ರು ಅಂತಾನೇ ಕರೀತೀನಿ. ಶುಗರ್ ಇದೆ, ಹತ್ತಾರು ವರ್ಷದಿಂದ ಗ್ಲಿಮೆಪಿರೈಡ್ ಮತ್ತೆ ಮೆಟ್‌ಫಾರ್ಮಿನ್ ಸೇರಿರೋ ಮಾತ್ರೆ ತಗೋತಾರೆ, ಕಂಟ್ರೋಲಲ್ಲಿದೆ. ದಿನಾ ಬೆಳಿಗ್ಗೆ ವಾಕಿಂಗ್ ಉಂಟು. ವಯಸ್ಸಲ್ಲಿ ಕುದುರೆಮುಖ ಹತ್ತಿದವರು, ಮಳೆಗಾಲದಲ್ಲಿ ಇಂಬಳ ಕಿತ್ತಾಕ್ಕೊಂಡು ಗದ್ದೆ ಬದಿ ಮೇಲೆ ಸ್ಕೂಲಿಗೆ ನಡೆದು ಹೋದವರು. ಹಾಗಾಗಿ ಮಗನಿಗೆ ಅಪ್ಪನ ಕಾಲಿನ ಮೇಲೆ ತುಂಬಾ ನಂಬಿಕೆ. ಅಮ್ಮನಿಗೆ ಮಂಡಿನೋವು, ಅವರು ಮೊದಲೇ ನಾ ಬರಲ್ಲಪ್ಪ ಅಂದು ಹಡಗಲ್ಲೇ ಉಳಿದರು.

ಜೂನೋ ಅಲಾಸ್ಕಾದ ರಾಜಧಾನಿ, ಆದ್ರೆ ಹೊರಗಿಂದ ಆ ಊರಿಗೆ ರಸ್ತೆ ಇಲ್ಲ, ಹೋದ್ರೆ ಹಡಗು, ಇಲ್ಲಾಂದ್ರೆ ವಿಮಾನ. ಸುಮಾರು 32 ಸಾವಿರ ಜನ ಇರೋ ಊರು, ಬೇಸಿಗೇಲಿ ಒಂದೇ ದಿನ ನಾಲ್ಕೈದು ದೊಡ್ಡ ಹಡಗು ಬಂದು ನಿಲ್ಲತ್ತೆ. 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಅಂತ ಮಿತಿ ಹಾಕಿಕೊಂಡಿದಾರೆ. ಊರಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮೆಂಡನ್‌ಹಾಲ್ ಗ್ಲೇಸಿಯರ್ (ಹಿಮನದಿ), ಸುತ್ತ ಟಾಂಗಸ್ ನ್ಯಾಷನಲ್ ಫಾರೆಸ್ಟ್, ಅಮೆರಿಕದ ಅತಿ ದೊಡ್ಡ ನ್ಯಾಷನಲ್ ಫಾರೆಸ್ಟ್ ಅದು. ಹೆಚ್ಚಿನ ಪ್ರವಾಸಿಗಳು ಗ್ಲೇಸಿಯರಿನ ಮುಂದಿರೋ ಸರೋವರದ ಪೂರ್ವದ ದಡಕ್ಕೆ ಹೋಗ್ತಾರೆ, ಅಲ್ಲಿ 1962ರಲ್ಲಿ ಶುರುವಾದ ವಿಸಿಟರ್ ಸೆಂಟರ್ ಇದೆ, ನಗೆಟ್ ಫಾಲ್ಸ್‌ಗೆ ಸಮತಟ್ಟಾದ ದಾರಿ ಇದೆ, ಹೋಗಿ ಬರೋದು ಎರಡು ಮೈಲಿ. ಗೈಡೆಡ್ ಹೈಕ್‌ಗಳಲ್ಲಿ ಕೆಲವು ಪಶ್ಚಿಮದ ದಡದ ದಾರಿ ಹಿಡೀತವೆ. ಅದು ಮೊದಲು ಸರೋವರದ ಪಕ್ಕ ಕಾಡಲ್ಲಿ ಸುಮ್ಮನೆ ಸಾಗತ್ತೆ, ಆಮೇಲೆ ಮೆಟ್ಟಿಲು, ತಿರುವು, ಏರು, ಕೊನೆಗೆ ಹಿಮ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿಟ್ಟ ಬರೀ ಬಂಡೆ. ಮಳೆ ಬಿದ್ರೆ ಆ ಬಂಡೆ ಮೇಲೆ ಕಾಲು ನಿಲ್ಲಲ್ಲ. ಮೇಷ್ಟ್ರ ಕುಟುಂಬ ಬುಕ್ ಮಾಡಿದ್ದು ಇದನ್ನ, ಹಡಗಿನ ಮೂಲಕ ಅಲ್ಲ, ನೇರವಾಗಿ ಹೊರಗಿನ ಕಂಪನಿ ಹತ್ರ, ಯಾಕಂದ್ರೆ ರೇಟು ಕಮ್ಮಿ ಮತ್ತೆ ಗುಂಪು ಸಣ್ಣದು.

ಬುಕಿಂಗ್ ಮಾಡೋವಾಗ ಆನ್‌ಲೈನ್ ಫಾರ್ಮಲ್ಲಿ ಆರೋಗ್ಯದ ಪ್ರಶ್ನೆ ಇತ್ತು. ಮಗ ಮೂವರ ಹೆಸರಿಗೂ ಏನೂ ಇಲ್ಲ ಅಂತ ಟಿಕ್ ಹಾಕಿದ. ಸುಳ್ಳು ಹೇಳಬೇಕು ಅಂತ ಅಲ್ಲ, ಶುಗರ್ ಎಲ್ಲರ ಮನೇಲೂ ಇರತ್ತೆ, ಅದೊಂದು ಕಾಯಿಲೆ ಅಂತ ಅವನ ತಲೆಗೇ ಬರಲಿಲ್ಲ, ಹಾರ್ಟ್ ಪ್ರಾಬ್ಲಮ್ ಗೀರ್ಟ್ ಪ್ರಾಬ್ಲಮ್ ಕೇಳ್ತಿದಾರೆ ಅಂದ್ಕೊಂಡ. ಇನ್ನೊಂದು ಸಂಗತಿ, ಹಿಂದಿನ ರಾತ್ರಿ ಊಟದ ಟೇಬಲ್ ಹತ್ರ ಟಿಕೆಟ್ ರೇಟಿನ ಮಾತು ಬಂತಂತೆ. ಮೇಷ್ಟ್ರು ಅದನ್ನ ರೂಪಾಯಿಗೆ ಗುಣಿಸಿ ನೋಡಿದರು. ಗುಣಿಸಿದ್ದು ಯಾರಿಗೂ ಹೇಳಲಿಲ್ಲ.

ಆ ದಿನ

ಹಡಗು ಮಧ್ಯಾಹ್ನ 12ಕ್ಕೆ ಜೂನೋ ಮುಟ್ಟಿತು. ಮೇಷ್ಟ್ರು 8 ಗಂಟೆಗೆ ತಿಂಡಿ ತಿಂದು ಮಾತ್ರೆ ತಗೊಂಡಿದ್ದರು. ಇಳಿಯೋಕೆ ಕ್ಯೂ, ವ್ಯಾನ್ ಹನ್ನೆರಡೂ ಮುಕ್ಕಾಲಿಗೆ, ಊಟ ಮಾಡೋಕೆ ಟೈಮ್ ಆಗಲಿಲ್ಲ. ಹಡಗಿನ ಬಫೆಯಿಂದ ಕಟ್ಟಿಕೊಂಡು ಇಳಿಯೋಕೆ ಸಾಮಾನ್ಯವಾಗಿ ಬಿಡಲ್ಲ. ಟೂರಲ್ಲಿ ಲಂಚ್ ಕೊಡ್ತೀವಿ ಅಂತ ಹಾಕಿದ್ರು, ಕೊಟ್ಟಿದ್ದು ಟರ್ಕಿ ಸ್ಯಾಂಡ್‌ವಿಚ್ಚು, ಮೇಷ್ಟ್ರು ಸಸ್ಯಾಹಾರಿ. ಪಕ್ಕದಲ್ಲಿದ್ದ ಚಿಪ್ಸ್ ಪ್ಯಾಕೆಟ್ ಅಷ್ಟು ತಿಂದು ಸಾಕು ಅಂದ್ರು. ಜೇಬಲ್ಲಿ ಊರಿಂದ ತಂದ ಕಡ್ಲೆಬೀಜದ ಚಿಕ್ಕಿ ಇತ್ತು.

ವ್ಯಾನ್ ಇಳಿದ ಮೇಲೆ ಗೈಡ್ ಹುಡುಗಿ ಎಲ್ರಿಗೂ ರಬ್ಬರ್ ಬೂಟು, ಮಳೆ ಜಾಕೆಟ್ಟು, ಮಳೆ ಪ್ಯಾಂಟು ಹಂಚಿದಳು. ಗುಂಪಲ್ಲಿ ಒಟ್ಟು ಎಂಟು ಜನ, ಅವಳೊಬ್ಬಳೇ ಗೈಡು. ಈ ಗೈಡ್‌ಗಳಲ್ಲಿ ತುಂಬಾ ಜನ ಕಾಡಲ್ಲಿ ಪ್ರಥಮ ಚಿಕಿತ್ಸೆ ಮಾಡೋದಕ್ಕೆ ಸುಮಾರು 70-80 ಗಂಟೆಯ ಒಂದು ಕೋರ್ಸ್ ಮಾಡಿರ್ತಾರೆ, ಇವಳೂ ಮಾಡಿದ್ದಳು, ಅದು ಆಮೇಲೆ ಕೆಲಸಕ್ಕೆ ಬಂತು. ಯಾರಿಗಾದ್ರೂ ಆರೋಗ್ಯದ ತೊಂದರೆ ಇದ್ರೆ ಹೇಳಿ ಅಂತ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಪರಿಚಯ ಇಲ್ಲದ ಐದು ಜನರ ಮುಂದೆ ನಿಂತು ನನಗೆ ಶುಗರ್ ಇದೆ ಅಂತ ಹೇಳೋ ಹಿರಿಯರು ನಮ್ಮಲ್ಲಿ ಕಮ್ಮಿ. ಆಮೇಲೆ ಕರಡಿ ಬಗ್ಗೆ ಹೇಳಿದಳು: ಇದು ಕಪ್ಪು ಕರಡಿಗಳ ಕಾಡು, ನಡೀತಾ ತಿನ್ನಬೇಡಿ, ತಿಂಡಿ ತೆಗೆದು ಅಲ್ಲಿ ಇಲ್ಲಿ ಇಡಬೇಡಿ. ಮೇಷ್ಟ್ರು ಅದನ್ನ ಕಾನೂನು ಅಂತ ತಗೊಂಡ್ರು. ಚಿಕ್ಕಿ ಜೇಬಲ್ಲೇ ಉಳೀತು. ಮಳೆ ಪ್ಯಾಂಟು ಬೇಡ, ನಡೆಯೋಕೆ ತೊಡಕಾಗತ್ತೆ ಅಂದ್ರು, ಒಳಗೆ ಹಾಕಿದ್ದು ಕಾಟನ್ ಪ್ಯಾಂಟು, ಕಾಟನ್ ಶರ್ಟು, ಒಂದು ಸ್ವೆಟರ್ರು.

ಮೊದಲ ಅರ್ಧ ಮುಕ್ಕಾಲು ಗಂಟೆ ತುಂಬಾ ಚೆನ್ನಾಗಿತ್ತು. ಇನ್ನೂರೈವತ್ತು ವರ್ಷದ ಹಿಂದೆ ಈ ಜಾಗ ಹಿಮದ ಕೆಳಗಿತ್ತು, ಹಿಮ ಹಿಂದೆ ಸರಿದ ಮೇಲೆ ಪಾಚಿ, ಆಮೇಲೆ ಆಲ್ಡರ್ ಗಿಡ, ಆಮೇಲೆ ಸ್ಪ್ರೂಸ್, ಹೆಮ್ಲಾಕ್ ಮರ ಹೀಗೆ ಸಾಲಾಗಿ ಬಂದವು ಅಂತ ಗೈಡ್ ತೋರಿಸ್ತಾ ಹೋದಳು. ಮೇಷ್ಟ್ರು ವಿಜ್ಞಾನ ಪಾಠ ಮಾಡಿದವರು, ಒಂದೊಂದು ಗಿಡಕ್ಕೂ ನಿಂತು ಪ್ರಶ್ನೆ. ಅಗಲ ಎಲೆಯ, ಕಾಂಡದ ತುಂಬ ಮುಳ್ಳಿರೋ ಡೆವಿಲ್ಸ್ ಕ್ಲಬ್ ಗಿಡವನ್ನ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಔಷಧಿಗೆ ಬಳಸ್ತಾರೆ ಅಂತ ಕೇಳಿ ಅವರಿಗೆ ಖುಷಿಯೋ ಖುಷಿ, ಸೊಸೆ ಹತ್ರ ಫೋಟೋ ತೆಗೆಸಿಕೊಂಡ್ರು.

ಎರಡೂವರೆ ಹೊತ್ತಿಗೆ ಮೆಟ್ಟಿಲು ಶುರುವಾಯ್ತು, ಮಳೆ ಜೋರಾಯ್ತು. ಮಲೆನಾಡಿನ ಮಳೆ ಗೊತ್ತಿರೋರಿಗೆ ಇದು ಮಳೆನೇ ಅಲ್ಲ ಅನ್ಸತ್ತೆ, ಬರೀ ಜಿಟಿಜಿಟಿ. ವ್ಯತ್ಯಾಸ ಇರೋದು ಚಳೀಲಿ. ಜುಲೈನಲ್ಲೂ ಮಳೆ ದಿನ ಅಲ್ಲಿ 12-13 ಡಿಗ್ರಿ, ಮೇಲಿಂದ ಹಿಮದ ಮೇಲೆ ಹಾದು ಬರೋ ಗಾಳಿ. ಕಾಟನ್ ಒದ್ದೆ ಆದ್ರೆ ಮೈ ಬಿಸಿ ಹಿಡಿಯಲ್ಲ, ಹೀರಿಬಿಡತ್ತೆ. ಹೈಪೋಥರ್ಮಿಯಾ, ಅಂದ್ರೆ ಮೈ ಬಿಸಿ ಅಪಾಯ ಆಗೋಷ್ಟು ಇಳಿಯೋದು, ಆಗೋಕೆ ಸೊನ್ನೆ ಡಿಗ್ರಿ ಬೇಕಿಲ್ಲ, ಒದ್ದೆ ಮತ್ತೆ ಗಾಳಿ ಸೇರಿದ್ರೆ ಹತ್ತು ಡಿಗ್ರೀಲೂ ಆಗತ್ತೆ.

ಏನೇನು ಮಾಡಿ ನೋಡಿದ್ರು

ಮೊದಲು ಗಮನಿಸಿದ್ದು ಸೊಸೆ. ಮಾವ ಪ್ರಶ್ನೆ ಕೇಳೋದು ನಿಲ್ಲಿಸಿದ್ರು ಅಂತ ಅವಳಿಗೆ ಅನ್ನಿಸ್ತು. ಗಂಡನಿಗೆ ಹೇಳಿದಳು, ಅವನು ಏರು ಹತ್ತೋವಾಗ ಮಾತಾಡಬಾರದು ಅಂತ ಸುಮ್ಮನಿದಾರೆ ಬಿಡು ಅಂದ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎಲ್ಲರಿಗಿಂತ ಹಿಂದೆ ಬಿದ್ರು. ಮಗ ಅಪ್ಪನ ಬ್ಯಾಗ್ ತಗೊಂಡ, ನೀರು ಕುಡಿಸಿ ಐದು ನಿಮಿಷ ಕೂರಿಸಿದ. ಕೂತಿದ್ದು ಒದ್ದೆ ಬಂಡೆ ಮೇಲೆ, ಇನ್ನೂ ಚಳಿ ಹಿಡೀತು.

ಗೈಡ್ ಬಂದು ಇವರನ್ನ ತನ್ನ ಹಿಂದೇನೇ ಹಾಕ್ಕೊಂಡಳು. ನಿಧಾನ ನಡೆಯೋರನ್ನ ಮುಂದೆ ಇಟ್ರೆ ಅವರ ನಡಿಗೇನೇ ಗುಂಪಿನ ನಡಿಗೆ ಆಗತ್ತೆ. ಹಿಂದೆ ಬಿಟ್ರೆ ಮುಂದಿನವರು ನಿಂತು ಕಾಯ್ತಾರೆ, ಇವರು ಬಂದು ಮುಟ್ಟೋ ಹೊತ್ತಿಗೆ ಅವರ ರೆಸ್ಟ್ ಮುಗಿದಿರತ್ತೆ, ಮತ್ತೆ ಹೊರಡ್ತಾರೆ, ಸುಸ್ತಾದವರಿಗೆ ಮಾತ್ರ ರೆಸ್ಟೇ ಸಿಗಲ್ಲ. ನಮ್ಮ ವೀಕೆಂಡ್ ಹೈಕ್‌ಗಳಲ್ಲಿ ನಾನು ಇದನ್ನ ಎಷ್ಟು ಸಲ ನೋಡಿದೀನೋ. ಹತ್ತು ನಿಮಿಷ ಇದರಿಂದ ಸರಿ ಹೋಯ್ತು. ಅವಳು ಮಗನ್ನ ಕೇಳಿದಳು, ನಿಮ್ಮ ತಂದೆಗೆ ಏನಾದ್ರೂ ಆರೋಗ್ಯದ ತೊಂದರೆ ಇದ್ಯಾ. ಮಗ ಇಲ್ಲ, ಅವರು ಬೆಟ್ಟದ ಊರಿನವರು, ಸ್ವಲ್ಪ ಸುಸ್ತು ಅಷ್ಟೇ ಅಂದ. ಮೇಷ್ಟ್ರನ್ನೇ ಕೇಳಿದಳು, ಅವಳ ಇಂಗ್ಲಿಷ್ ಅವರಿಗೆ ಮಳೆ ಸದ್ದಲ್ಲಿ ಅರ್ಧ ಕೇಳಿಸ್ತು, ತಲೆ ಆಡಿಸಿ ನಕ್ಕರು.

ಮೂರು ಗಂಟೆಗೆ ಮೇಷ್ಟ್ರು ಒಂದು ಮರದ ಬುಡದಲ್ಲಿ ಕೂತುಬಿಟ್ರು. ಯಾವತ್ತೂ ಮಗನ ಮೇಲೆ ರೇಗದ ಮನುಷ್ಯ, ಗದರಿದ ಹಾಗೆ ಹೇಳಿದ್ರಂತೆ, "ನೀವ್ ಹೋಗ್ರೋ, ಮೇಲೆ ನೋಡ್ಕೊಂಡ್ ಬನ್ನಿ, ನಾನಿಲ್ಲೇ ಕೂತಿರ್ತೀನಿ, ಬರ್ತಾ ಕರ್ಕೊಂಡ್ ಹೋದ್ರಾಯ್ತು."

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಈ ಮಾತು ಮತ್ತೆ ಇದಾದ ಮೇಲಿನ ಎರಡು ನಿಮಿಷ. ಯಾಕಂದ್ರೆ ಇದನ್ನ ನಾವೆಲ್ಲ ಕೇಳಿದೀವಿ. ಮುಳ್ಳಯ್ಯನಗಿರೀಲಿ, ಕೊಡಚಾದ್ರೀಲಿ, ಸುಸ್ತಾದವರು ಹೀಗೇ ಹೇಳ್ತಾರೆ, ಉಳಿದವರು ಸರಿ ಹುಷಾರು ಅಂದು ಮೇಲೆ ಹೋಗಿ ಫೋಟೋ ತೆಗೆದು ಬರ್ತಾರೆ, ಹೆಚ್ಚಿನ ಸಲ ಏನೂ ಆಗಲ್ಲ. ಮಗನಿಗೂ ಅದೇ ಸರಿ ಅನ್ನಿಸ್ತು. ವ್ಯೂ ಪಾಯಿಂಟಿಗೆ ಇನ್ನು ಅರ್ಧ ಗಂಟೆ ದಾರಿ ಅಷ್ಟೇ, ಜೊತೆಗೆ ಬಂದ ಒಂದು ದಂಪತಿ ಆಗಲೇ ಗಡಿಯಾರ ನೋಡ್ತಿದ್ರು, ಸೊಸೆ ಇಲ್ಲೇ ಕೂತಿರಲಿ ಅಂತಲೂ ಹೇಳಿದ. ಗೈಡ್ ಆಗಲ್ಲ ಅಂದಳು. ಒದ್ದೆಯಾಗಿ ಸುಮ್ಮನೆ ಕೂತವರ ಮೈ ನಡೆಯೋರ ಮೈಗಿಂತ ಬೇಗ ತಣ್ಣಗಾಗತ್ತೆ, ಒಂದು ಗಂಟೆ ಬಿಟ್ಟು ವಾಪಸ್ ಬಂದಾಗ ಈ ಮನುಷ್ಯ ಎದ್ದು ನಡೆಯೋ ಸ್ಥಿತೀಲಿ ಇರ್ತಾರೆ ಅಂತ ಯಾರು ಹೇಳ್ತಾರೆ? ಗೈಡ್ ಒಬ್ಬಳೇ ಇರೋವಾಗ ಗುಂಪು ಒಡೆಯೋ ಪ್ರಶ್ನೇನೇ ಇಲ್ಲ.

ಆಗ ಅವಳು ಮೇಷ್ಟ್ರ ಮುಂದೆ ಮಂಡಿಯೂರಿ ಕೂತು, ಜಾಕೆಟ್ಟಿನ ಜಿಪ್ ಪೂರ್ತಿ ಮೇಲೆ ಎಳ್ಕೊಳ್ಳಿ ಅಂತ ಕೈ ಮಾಡಿ ತೋರಿಸಿದಳು. ಮೇಷ್ಟ್ರು ಜಿಪ್ಪಿನ ತುದಿ ಹಿಡಿಯೋಕೆ ನೋಡ್ತಾರೆ, ಬೆರಳು ನಡುಗತ್ತೆ, ಜಾರತ್ತೆ, ಮತ್ತೆ ಹಿಡೀತಾರೆ, ಆಮೇಲೆ ಯಾಕೆ ಹಿಡ್ಕೊಂಡಿದೀನಿ ಅಂತ ಮರೆತವರ ಹಾಗೆ ಕೈಯನ್ನೇ ನೋಡ್ತಾ ಕೂತ್ರು. ಹಣೆ ಮೇಲಿದ್ದಿದ್ದು ಬರೀ ಮಳೆ ನೀರಲ್ಲ, ಬೆವರು.

ಗೈಡ್ ಈ ಸಲ ಮಗನ್ನ ಬಿಟ್ಟು ಸೊಸೇನ ಕರೆದಳು. ಎರಡು ಪ್ರಶ್ನೆ ನಿಮ್ಮ ಭಾಷೇಲಿ ನೇರವಾಗಿ ಕೇಳಿ, ಅವರು ಏನು ಹೇಳ್ತಾರೋ ಅದನ್ನೇ ಹೇಳಿ, ನೀವು ಏನೂ ಸೇರಿಸಬೇಡಿ ಅಂದಳು.

"ಮಾವ, ಬೆಳಿಗ್ಗೆ ಶುಗರ್ ಮಾತ್ರೆ ತಗೊಂಡ್ರಾ?"

"ತಗೊಂಡಿದೀನಮ್ಮಾ."

"ಆಮೇಲೆ ಏನು ತಿಂದ್ರಿ?"

"ಹಡಗಿಗೆ ಹೋದ್ಮೇಲೆ ಊಟ ಮಾಡಿದ್ರಾಯ್ತು ಬಿಡು."

ಅಷ್ಟರಲ್ಲಿ ಗೈಡಿಗೆ ಅರ್ಥ ಆಯ್ತು. ಶುಗರ್ ಅಳೆಯೋ ಮಶೀನ್ ಹಡಗಿನ ರೂಮಲ್ಲಿತ್ತು. ಆದ್ರೆ ಇಂಥ ಕಡೆ ನಿಯಮ ಸರಳ: ಶುಗರ್ ಮಾತ್ರೆ ತಗೊಂಡವರು, ಊಟ ಇಲ್ಲ, ನಡುಕ, ಬೆವರು, ಗಲಿಬಿಲಿ, ಸಿಡುಕು, ಅಳೆಯೋಕೆ ಆಗದೇ ಇದ್ರೆ ಶುಗರ್ ಇಳಿದಿದೆ ಅಂತಾನೇ ತಿಳ್ಕೊಂಡು, ಎಚ್ಚರ ಇದ್ದು ನುಂಗೋಕೆ ಆಗ್ತಿದ್ರೆ ಸಕ್ಕರೆ ಕೊಟ್ಟುಬಿಡಬೇಕು. ಚಳಿ ಹಿಡಿದು ಮೈ ತಣ್ಣಗಾದಾಗಲೂ ಇವೇ ತೊದಲು, ಎಡವು, ಬೆರಳು ಕೇಳದೇ ಇರೋದು ಬರತ್ತೆ, ಎರಡನ್ನೂ ಕಾಡಲ್ಲಿ ನಿಂತು ಬೇರೆ ಮಾಡೋದು ಕಷ್ಟ, ಹಾಗಾಗಿ ಎರಡಕ್ಕೂ ಒಟ್ಟಿಗೆ ಮಾಡಿದಳು. ಗ್ಲೂಕೋಸ್ ಜೆಲ್ಲಿನ ಒಂದು ಟ್ಯೂಬ್ ಬಾಯಿಗೆ, ಅಂದ್ರೆ ಸುಮಾರು 15 ಗ್ರಾಂ ಸಕ್ಕರೆ. ಕೆಳಗೆ ಫೋಮ್ ಶೀಟ್, ಒದ್ದೆ ಸ್ವೆಟರ್ ತೆಗೆಸಿ ತನ್ನ ಬ್ಯಾಗಲ್ಲಿದ್ದ ಒಣ ಜಾಕೆಟ್ಟು, ಟೋಪಿ, ಮೇಲೆ ಒಂದು ಟಾರ್ಪಾಲು. ಹದಿನೈದು ನಿಮಿಷ ಕಾದಳು. ಎಂಟ್ಹತ್ತು ನಿಮಿಷಕ್ಕೇ ಮೇಷ್ಟ್ರ ಮುಖ ತಿಳಿಯಾಯ್ತು, ಸುತ್ತ ನೋಡಿ ಎಲ್ರೂ ಯಾಕೆ ನಿಂತಿದಾರೆ ಅಂತ ಕೇಳಿದ್ರು. ಜೇಬಲ್ಲಿದ್ದ ಚಿಕ್ಕಿ ಆಗ ಹೊರಗೆ ಬಂತು. ಚಿಕ್ಕೀನ ಮೊದಲೇ ಕೊಡಬಹುದಿತ್ತಲ್ಲ ಅಂತ ಕೆಲವರು ಕೇಳ್ತಾರೆ. ಅದ್ರಲ್ಲಿ ಕಡ್ಲೆಬೀಜದ ಎಣ್ಣೆ ಇರತ್ತೆ, ಚಾಕೊಲೇಟಲ್ಲೂ ಕೊಬ್ಬು ಇರತ್ತೆ, ಅದರಿಂದ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ ಆಗತ್ತೆ. ಮೊದಲು ಜ್ಯೂಸ್, ಗ್ಲೂಕೋಸ್, ಸಕ್ಕರೆ ನೀರು, ಚೇತರಿಸಿಕೊಂಡ ಮೇಲೆ ಚಿಕ್ಕಿ. ಜೆಲ್ ಇಲ್ಲದೇ ಇದ್ದಿದ್ರೆ ಚಿಕ್ಕೀನೇ ಕೊಡಬೇಕಿತ್ತು, ಅದು ಬೇರೆ ಮಾತು.

ವಾಪಸ್

ಮೂರೂವರೆಗೆ ಗೈಡ್ ಎಲ್ಲರಿಗೂ ಹೇಳಿದಳು: ಬಂಡೆ ಒದ್ದೆ ಇದೆ, ಇವತ್ತು ಮೇಲೆ ಹೋಗೋದು ಬೇಡ ಅಂತ ನಾನು ತೀರ್ಮಾನ ಮಾಡಿದೀನಿ, ಎಲ್ರೂ ಒಟ್ಟಿಗೆ ಇಳೀತೀವಿ. ಬಂಡೆ ಒದ್ದೆ ಇದ್ದಿದ್ದು ನಿಜಾನೇ. ಆದ್ರೆ ಅವಳು ಒಬ್ಬರ ಹೆಸರೂ ಎತ್ತಲಿಲ್ಲ, ತೀರ್ಮಾನ ತನ್ನದು ಅಂತ ತನ್ನ ಮೇಲೆ ಹಾಕ್ಕೊಂಡಳು. ಮೇಷ್ಟ್ರು ನನ್ನ ಹತ್ರ ಮಾತಾಡೋವಾಗ ಜೆಲ್ ಬಗ್ಗೆ ಹೇಳಿದ್ದು ಒಂದೇ ವಾಕ್ಯ, ಈ ಮಾತಿನ ಬಗ್ಗೆ ಹತ್ತು ನಿಮಿಷ ಹೇಳಿದ್ರು. ನನ್ನಿಂದ ಎಂಟು ಜನರ ದುಡ್ಡು ಹಾಳಾಯ್ತು ಅಂತ ಆ ಜಾಗದಲ್ಲೇ ಅನ್ನಿಸಿದ್ರೆ ಎದ್ದು ಓಡಿಬಿಡ್ತಿದ್ದೆ, ಇಳಿಜಾರಲ್ಲಿ ಬೀಳ್ತಿದ್ದೆ ಅಂದ್ರು.

ಇಳಿಯೋಕೆ ಹೊರಟಾಗ ಮಗನ ತಲೇಲಿ ಹಡಗು. ಹಡಗಿನವರೇ ಮಾರಿದ ಟೂರ್ ಲೇಟಾದ್ರೆ ಹಡಗು ಕಾಯತ್ತೆ, ಹೊರಗೆ ಬುಕ್ ಮಾಡಿದ್ದಕ್ಕೆ ಕಾಯಲ್ಲ, ಇದು ಅವನಿಗೆ ಗೊತ್ತಿತ್ತು. ಪಾಸ್‌ಪೋರ್ಟ್‌ಗಳೆಲ್ಲ ರೂಮಿನ ಲಾಕರಲ್ಲಿ. ಮುಂದಿನ ನಿಲ್ದಾಣ ಸ್ಕ್ಯಾಗ್ವೇ, ಜೂನೋದಿಂದ ಅಲ್ಲಿಗೆ ರಸ್ತೆ ಇಲ್ಲ, ಹೋದ್ರೆ ಫೆರಿ, ಇಲ್ಲಾಂದ್ರೆ ಸಣ್ಣ ವಿಮಾನ. ಅದಾದ ಮೇಲೆ ಕೆನಡಾದ ವಿಕ್ಟೋರಿಯಾ, ಯಾಕಂದ್ರೆ ಸಿಯಾಟಲ್ಲಿಂದ ಹೊರಟು ಸಿಯಾಟಲ್ಲಿಗೇ ಬರೋ ವಿದೇಶಿ ಬಾವುಟದ ಹಡಗು 1886ರ ಒಂದು ಕಾನೂನಿನ ದೆಸೆಯಿಂದ ದಾರೀಲಿ ಬೇರೆ ದೇಶದ ಬಂದರು ಮುಟ್ಟಲೇಬೇಕು. ಅಮ್ಮ ಒಬ್ಬರೇ ಹಡಗಲ್ಲಿ. ಇದೆಲ್ಲ ಒಟ್ಟಿಗೆ ತಲೆಗೆ ನುಗ್ಗಿ ಅಪ್ಪನ ತೋಳು ಹಿಡ್ಕೊಂಡು ದರದರ ಎಳ್ಕೊಂಡು ಇಳಿಯೋಕೆ ಶುರು ಮಾಡಿದ. ಗೈಡ್ ನಿಲ್ಲಿಸಿ ವಾಚು ತೋರಿಸಿದಳು. ಈಗ ಮೂರೂ ನಲವತ್ತು, ಎಷ್ಟು ನಿಧಾನ ಹೋದ್ರೂ ಐದಕ್ಕೆ ವ್ಯಾನು, ಐದೂ ಮುಕ್ಕಾಲಿಗೆ ಬಂದರು, ನಿಮ್ಮ ಹಡಗು ಹತ್ತೋ ಕಡೇ ಟೈಮ್ ಏಳೂವರೆ. ಒಂದೂ ಮುಕ್ಕಾಲು ಗಂಟೆ ಕೈಲಿದೆ, ಕತ್ತಲೂ ಆಗಲ್ಲ, ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತರ ಹತ್ತಿರ. ಲೆಕ್ಕ ಕೇಳಿದ ಮೇಲೆ ಮಗನ ಕೈ ಸಡಿಲ ಆಯ್ತು. ಇಳಿಯೋವಾಗ ಒಂದು ಕಡೆ ಮೇಷ್ಟ್ರ ಕಾಲು ಜಾರಿ, ಹಿಡ್ಕೊಳ್ಳೋಕೆ ಕೈ ಹಾಕಿದ್ದು ಅದೇ ಡೆವಿಲ್ಸ್ ಕ್ಲಬ್ ಗಿಡಕ್ಕೆ, ಅಂಗೈಗೆ ಸಣ್ಣ ಸಣ್ಣ ಮುಳ್ಳು. ಬೇರೇನೂ ಆಗಲಿಲ್ಲ. ಐದಕ್ಕೆ ಐದು ನಿಮಿಷ ಇರೋವಾಗ ವ್ಯಾನ್ ಹತ್ರ ಇದ್ರು.

ಹಡಗಿನ ಕ್ಲಿನಿಕ್ಕಲ್ಲಿ ತೋರಿಸಿದ್ರು. ಅಲ್ಲಿಯ ಡಾಕ್ಟರ್ ಹೇಳಿದ್ದು ಎಲ್ಲರೂ ತಿಳ್ಕೋಬೇಕಾದ್ದು: ಗ್ಲಿಮೆಪಿರೈಡ್ ಥರದ ಮಾತ್ರೆ ದಿನಪೂರ್ತಿ ಕೆಲಸ ಮಾಡ್ತಿರತ್ತೆ, ಒಂದು ಸಲ ಸರಿ ಹೋಯ್ತು ಅಂತ ಬಿಟ್ರೆ ರಾತ್ರಿ ಮತ್ತೆ ಇಳೀಬಹುದು, ಹೊಟ್ಟೆ ತುಂಬ ಊಟ ಮಾಡಿಸಿ, ಮಲಗೋ ಮುಂಚೆ ಮತ್ತೆ ನಡುರಾತ್ರಿ ಒಮ್ಮೆ ಅಳೀರಿ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳೋರಿಗೆ ಹೀಗಾಗೋದು ಅಪರೂಪ. ಹಾಗಾಗಿ ಶುಗರ್ ಇದೆ ಅಂತ ಹೇಳಿದ್ರೆ ಸಾಲದು, ಯಾವ ಮಾತ್ರೆ ಅಂತ ಹೇಳಬೇಕು. ಊರಿನ ಡಾಕ್ಟರಿಗೆ ಫೋನ್ ಮಾಡಿದಾಗ, ಜಾಸ್ತಿ ನಡೆಯೋ ದಿನ ಡೋಸ್ ಏನು ಮಾಡಬೇಕು ಅಂತ ಹೊರಡೋ ಮುಂಚೆ ಕೇಳಬೇಕಿತ್ತು, ನೀವಾಗೇ ಮಾತ್ರೆ ಬಿಡೋದು ಮಾಡಬೇಡಿ ಅಂದ್ರಂತೆ.

ತೀರ್ಮಾನಗಳ ಬಗ್ಗೆ

ಮಗನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅಪ್ಪನಿಗೆ ಗ್ಲೇಸಿಯರ್ ತೋರಿಸಬೇಕು ಅಂತ ಆರು ತಿಂಗಳಿಂದ ಪ್ಲಾನ್ ಮಾಡಿದವನು. ಆದ್ರೆ ಅಪ್ಪನ ಮೈ ಬಗ್ಗೆ ಇದ್ದ ಒಂದೊಂದು ಪ್ರಶ್ನೆಗೂ ಉತ್ತರ ಕೊಟ್ಟಿದ್ದು ಅವನೇ, ಫಾರ್ಮಲ್ಲೂ ದಾರೀಲೂ. ಅವನು ಕೊಟ್ಟಿದ್ದು ಇಪ್ಪತ್ತು ವರ್ಷದ ಹಿಂದಿನ ಅಪ್ಪನ ಉತ್ತರ. ಇತ್ತ ಮೇಷ್ಟ್ರು ಬಾಯಿ ಬಿಡದೇ ಇದ್ದಿದ್ದಕ್ಕೆ ಕಾರಣ ಅವರೇ ಹೇಳಿದ್ರು, ಒಂದು ಟಿಕೆಟ್ಟು ನನ್ನ ಅರ್ಧ ತಿಂಗಳ ಪೆನ್ಶನ್ನು, ಮಗ ಇಷ್ಟು ಖರ್ಚು ಮಾಡಿ ಕರ್ಕೊಂಡ್ ಬಂದಿರೋವಾಗ ಹಸಿವು ಅಂತ ಹೇಗೆ ಹೇಳೋದು. ಅಪ್ಪ ಅಮ್ಮನ ಮುಂದೆ ರೇಟು ಹೇಳಬೇಡಿ ಅಂತ ನಾನು ಎಲ್ರಿಗೂ ಹೇಳ್ತಿರ್ತೀನಿ, ಅದು ಬರೀ ಮನಸ್ಸಿನ ಸಮಾಧಾನಕ್ಕಲ್ಲ, ಕಾಡಲ್ಲಿ ಅದು ಪ್ರಾಣದ ವಿಷಯ ಆಗತ್ತೆ.

ಸೊಸೆ ಮೊದಲೇ ಕಂಡಿದ್ದಳು, ಅವಳ ಮಾತು ತೂಕಕ್ಕೆ ಬರೋಕೆ ಅರ್ಧ ಗಂಟೆ ಬೇಕಾಯ್ತು. ಮಾತಾಡೋ ಮನುಷ್ಯ ಸುಮ್ಮನಾಗೋದು ಎಲ್ಲಕ್ಕಿಂತ ಮೊದಲಿನ ಸೂಚನೆ, ಅದು ಮನೆಯವರಿಗೇ ಗೊತ್ತಾಗೋದು, ಗೈಡಿಗೆ ಹೇಗೆ ಗೊತ್ತಾಗಬೇಕು?

ಗೈಡ್ ಹುಡುಗಿ ತನ್ನ ಕಡೆಯಿಂದ ಒಂದು ಬದಲಾವಣೆ ಮಾಡಿಕೊಂಡಿದಾಳೆ. ಈಗ ಆರೋಗ್ಯದ ಪ್ರಶ್ನೆ ಗುಂಪಿನ ಮುಂದೆ ಕೇಳಲ್ಲ, ಬೂಟು ಸರಿಯಾಗಿದ್ಯಾ ಅಂತ ನೋಡೋ ನೆಪದಲ್ಲಿ ಒಬ್ಬೊಬ್ಬರ ಕಾಲ ಹತ್ರ ಕೂತು, ಮೆಲ್ಲಗೆ, ಇವತ್ತು ಯಾವ ಮಾತ್ರೆ ತಗೊಂಡ್ರಿ, ಏನು ತಿಂದ್ರಿ ಅಂತ ಕೇಳ್ತಾಳಂತೆ. ಕರಡಿ ಬಗ್ಗೆ ಹೇಳೋವಾಗ, ಶುಗರ್ ಇರೋರು ಯಾವಾಗ ಬೇಕಾದ್ರೂ ನಿಂತು ತಿನ್ನಬಹುದು, ನನಗೆ ಒಂದು ಮಾತು ಹೇಳಿ ಸಾಕು ಅಂತ ಸೇರಿಸ್ತಾಳೆ.

ಕುಟುಂಬದವರು ಮಾರನೇ ದಿನ ಸ್ಕ್ಯಾಗ್ವೇಲಿ ಅಮ್ಮನ್ನೂ ಕರ್ಕೊಂಡು ವೈಟ್ ಪಾಸ್ ರೈಲಲ್ಲಿ ಹೋದ್ರು. ಚಿನ್ನದ ಆಸೆಗೆ ಜನ ನುಗ್ಗಿದ ಕಾಲದಲ್ಲಿ, 1898ರಲ್ಲಿ ಶುರು ಮಾಡಿ 1900ರಲ್ಲಿ ಮುಗಿಸಿದ ದಾರಿ ಅದು, ಕೂತಲ್ಲೇ ಬೆಟ್ಟ ನೋಡಬಹುದು, ಮೇಷ್ಟ್ರು ಮತ್ತೆ ಪ್ರಶ್ನೆ ಕೇಳೋಕೆ ಶುರು ಮಾಡಿದ್ರಂತೆ.

ಉಳಿದಿದ್ದು ಆ ಗಡಿಯಾರ ನೋಡ್ತಿದ್ದ ದಂಪತಿ. ಅವರು ವ್ಯೂ ಪಾಯಿಂಟ್ ಸಿಗಲಿಲ್ಲ ಅಂತ ಕಂಪನಿಗೆ ಬರೆದ್ರು, ಕಂಪನಿ ಗುಂಪಿನ ಎಲ್ಲರಿಗೂ ಅರ್ಧ ದುಡ್ಡು ವಾಪಸ್ ಕೊಟ್ಟಿತು. ಅವರು ಕೇಳಿದ್ದು ತಪ್ಪು ಅಂತ ಮಗ ಇವತ್ತಿಗೂ ಹೇಳ್ತಾನೆ, ನನಗೆ ಹಾಗನ್ಸಲ್ಲ. ದುಡ್ಡಿನ ಜಗಳ ಬಂದರಿಗೆ ವಾಪಸ್ ಬಂದ ಮೇಲೆ ಆಫೀಸಿನ ಜೊತೆ ಆಗಲಿ, ಅದರಿಂದ ಯಾರಿಗೂ ತೊಂದರೆ ಇಲ್ಲ. ಅದು ಮೂರು ಗಂಟೆಗೆ ಆ ಮರದ ಬುಡದಲ್ಲಿ ಆಗಲಿಲ್ಲ, ಯಾಕಂದ್ರೆ ಗೈಡ್ ಅಲ್ಲಿ ಮಾತಿಗೆ ಜಾಗ ಬಿಡಲಿಲ್ಲ. ಮೇಷ್ಟ್ರ ಪಾಲಿನ ಅರ್ಧ ದುಡ್ಡನ್ನ ಮಗ ಅವರ ಕೈಗೇ ಕೊಟ್ಟ, ಅವರು ಅದ್ರಲ್ಲಿ ಜೇಬಲ್ಲಿ ಹಿಡಿಯೋ ಅಂಥ ಇನ್ನೊಂದು ಶುಗರ್ ಮಶೀನ್ ತಗೊಂಡಿದಾರೆ.